ಗೋಡೆಯ ಮೇಲಿನ ಐದು

ನನ್ನ ಕೆಲಸ ದೋಣಿಗಳ ಮೇಲೆ ಹೆಸರು ಮತ್ತು ನಂಬರು ಬರೆಯುವುದು. ಮಹ್ದಿಯಾ ಬಂದರಿನಿಂದ ಮೀನಿಗೆ ಹೋಗುವ ದೋಣಿಗಳಲ್ಲಿ ಅರ್ಧದಷ್ಟರ ಮೈಮೇಲೆ ನನ್ನ ಕೈಬರಹವಿದೆ. ಹೆಸರಿನಲ್ಲಿ ಒಂದು ಅಕ್ಷರ ಓರೆಯಾದರೆ ದೋಣಿಯವನು ನಕ್ಕು ಸುಮ್ಮನಾಗುತ್ತಾನೆ. ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಕಾವಲು ಪಡೆಯವರು ಅವನನ್ನು ನಡುಸಮುದ್ರದಲ್ಲಿ ನಿಲ್ಲಿಸುತ್ತಾರೆ. ಹಾಗಾಗಿ ಪ್ರತಿ ನಂಬರನ್ನೂ ಮೂರು ಸಲ ಓದಿಕೊಂಡು ಆಮೇಲೆ ಕುಂಚವನ್ನು ಬಣ್ಣಕ್ಕೆ ಅದ್ದುತ್ತೇನೆ. ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆ ಅನುಮಾನ ಬಂದು, ತಟ್ಟೆ ಬಿಟ್ಟು ಬಂದರಿಗೆ ಓಡಿಬಂದು ನೋಡಿದ ದಿನಗಳೂ ಇವೆ. ಇಪ್ಪತ್ತೈದು ವರ್ಷಗಳಲ್ಲಿ ನಾನು ತಪ್ಪು ನಂಬರು ಬರೆದದ್ದು ಒಂದೇ ಸಲ, ಅದೂ ಬೇಕೆಂದೇ. ಅದನ್ನು ಬರೆದದ್ದು ಸಮುದ್ರದ ದಂಡೆಯ ಗೋಡೆಯ ಮೇಲೆ, ನನ್ನ ಅಕ್ಕನ ಮಂಡಿಗೋಸ್ಕರ.

ಅಕ್ಕನ ಹೆಸರು ಮನ್ನೂಬಿಯಾ. ಐವತ್ನಾಲ್ಕು ವರ್ಷ. ಹಳೇ ಪೇಟೆಯ ಓಣಿಗಳಲ್ಲಿ ಹೆಚ್ಚುಕಡಿಮೆ ಮೂವತ್ತು ವರ್ಷ ಟಪಾಲು ಹಂಚಿದವಳು. ಮದುವೆಯಾಗಲಿಲ್ಲ. ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಅಮ್ಮನ ಜೊತೆಗಿದ್ದಳು. ಬಹಳ ದಿನ ಹಾಸಿಗೆ ಹಿಡಿದಿದ್ದ ಅಮ್ಮ ತೀರಿಕೊಂಡ ವರ್ಷ, ಒಂದು ಭಾನುವಾರ ಬೆಳಿಗ್ಗೆ ಕೆಲಸದ ಬೂಟು ಹಾಕಿಕೊಂಡೇ ಓಡಲು ಹೊರಟಳು. ಯಾಕೆಂದು ಕೇಳಿದೆ.

"ನಡೆದೂ ನಡೆದೂ ಸಾಕಾಯ್ತು ಕಣೋ," ಅಂದಳು.

ಬಂದರಿನಲ್ಲಿ ಬಲೆ ರಿಪೇರಿ ಮಾಡುವವರು ಸುಮ್ಮನಿರುತ್ತಾರೆಯೇ? "ಏನ್ ಮನ್ನೂಬಿಯಕ್ಕಾ, ಯಾರು ಅಟ್ಟಿಸ್ಕೊಂಡ್ ಬರ್ತಿದಾರೆ?" ಎಂದು ಕೂಗುತ್ತಿದ್ದರು.

"ನಿಮ್ಮತ್ತೆ ಕಾಗದ ಬರೆದಿದಾರೆ, ಹೊರಟು ಬರ್ತಿದೀನಿ ಅಂತ. ಅವರಿಗಿಂತ ಮುಂಚೆ ಅದು ತಲುಪಬೇಕಲ್ಲಪ್ಪ!" ಎಂದು ಇವಳು ನಿಲ್ಲದೆಯೇ ಉತ್ತರ ಕೊಡುತ್ತಿದ್ದಳು.

ವರ್ಷ ತುಂಬುವುದರೊಳಗೆ ಅವಳ ಜೊತೆ ಏಳೆಂಟು ಜನ ಸೇರಿಕೊಂಡರು. ನಿವೃತ್ತ ಗಣಿತದ ಮೇಷ್ಟ್ರು ತೌಹಾಮಿ, ಔಷಧಿ ಅಂಗಡಿಯ ಕಮೆಲ್, ಇನ್ನೂ ಕೆಲವರು. ಯಾರೂ ಪದಕಕ್ಕೆ ಓಡುವವರಲ್ಲ. ಓಡಿ, ಬೆವತು, ಒಟ್ಟಿಗೆ ಕೂತು ತಿಂಡಿ ತಿಂದು ಮನೆಗೆ ಹೋಗುವವರು. ನನಗೆ ಓಟ ಬರುವುದಿಲ್ಲ. ಸೈಕಲ್ಲಿನಲ್ಲಿ ನೀರಿನ ಬಾಟಲಿ ಹೇರಿಕೊಂಡು ಹಿಂದೆ ಹೋಗುತ್ತಿದ್ದೆ.

"ಲಸ್ಸಾದ್, ಎಷ್ಟು ದೂರ ಬಂದ್ವಿ ಅಂತ ಗೋಡೇನೇ ಹೇಳೋ ಹಾಗಾಗ್ಬೇಕು. ನಿನ್ ಕೈಯಲ್ಲಾಗುತ್ತೆ," ಎಂದು ಅಕ್ಕ ಹೇಳಿದಳು.

ಸೈಕಲ್ಲಿನ ಮುಂದಿನ ಚಕ್ರ ಒಂದು ಸುತ್ತು ತಿರುಗಿದರೆ ಎರಡು ಮೀಟರು ಹತ್ತು ಸೆಂಟಿಮೀಟರು. ಕಡ್ಡಿಗೊಂದು ತಗಡಿನ ಚೂರು ಕಟ್ಟಿದೆ. ಸುತ್ತಿಗೊಮ್ಮೆ ಅದು ಟಕ್ ಎನ್ನುತ್ತದೆ. ನಾನೂರ ಎಪ್ಪತ್ತಾರು ಟಕ್ಕಿಗೆ ಒಂದು ಕಿಲೋಮೀಟರು. ಮೀನು ಮಾರ್ಕೆಟ್ಟಿನಿಂದ ಹೊರಟು, ಭೂಶಿರವನ್ನು ಸುತ್ತಿ, ದೀಪಸ್ತಂಭ ದಾಟಿ, ಬಡಗಣ ದಂಡೆಯ ಉದ್ದನೆಯ ಗೋಡೆಗುಂಟ ಎರಡೆರಡು ಸಲ ಅಳೆದು, ದೋಣಿಗೆ ಹಚ್ಚುವ ನೀಲಿ ಬಣ್ಣದಲ್ಲಿ ಅಂಗೈಯಗಲದ ಅಂಕಿಗಳನ್ನು ಬರೆದೆ. ಒಂದರಿಂದ ಐದರವರೆಗೆ.

ಆ ಐದರ ಸುತ್ತ ಒಂದು ಪದ್ಧತಿ ಬೆಳೆಯಿತು. ತಲುಪಿದವರು ಅಂಗೈಯಿಂದ ಅದನ್ನು ಮುಟ್ಟಬೇಕು. ಎಲ್ಲರಿಗಿಂತ ಕೊನೆಯಲ್ಲಿ ಮುಟ್ಟಿದವರು ಎಲ್ಲರ ತಿಂಡಿ ಏನೆಂದು ಹೇಳಬೇಕು, ಕಡಲೆಕಾಳಿನ ಲಬ್ಲಾಬಿಯೋ, ಎಣ್ಣೆಯಲ್ಲಿ ಕರಿದ ಬಂಬಲೂನಿಯೋ. ಅವರು ಬಾಯಿಬಿಟ್ಟು ಹೇಳುವ ತನಕ ಯಾರೂ ತಿನ್ನುವಂತಿಲ್ಲ. ಹಾಗಾಗಿ ಕೊನೆಯವರಿಗಾಗಿ ಎಲ್ಲರೂ ಕಾಯುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಅಂಗೈಗಳು ತಾಗಿ ತಾಗಿ ಐದರ ಹೊಟ್ಟೆ ಸವೆದು ಹೋಗುತ್ತಿತ್ತು. ರಂಜಾನಿಗೆ ಮುಂಚೆ ಅದನ್ನು ತಿದ್ದುವುದು ನನ್ನ ಕೆಲಸ.

ಎರಡು ಚಳಿಗಾಲದ ಹಿಂದೆ ಅಕ್ಕ ಟಪಾಲಿನ ಚೀಲದ ಸಮೇತ ಒಂದು ಮನೆಯ ಒದ್ದೆ ಮೆಟ್ಟಿಲಿನಲ್ಲಿ ಜಾರಿದಳು. ಎಡಗಾಲಿನ ಮಂಡಿ ತಿರುಚಿಕೊಂಡಿತು. ಒಳಗಿನ ಮೆತ್ತೆ ಹರಿದಿದೆ ಎಂದರು. ಸಣ್ಣ ಆಪರೇಷನ್ ಆಯಿತು. ಅಂಚೆ ಕಚೇರಿಯಲ್ಲಿ ಅವಳನ್ನು ಕೌಂಟರಿನ ಹಿಂದೆ ಕೂರಿಸಿದರು. ಹನ್ನೊಂದು ತಿಂಗಳು ಓಟವಿಲ್ಲ. ಬೆಳಿಗ್ಗೆ ಎದ್ದು ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಮಹಡಿಯ ಮೆಟ್ಟಿಲಿನಿಂದ ಒಂದೇ ಕಾಲಿನಲ್ಲಿ ಇಳಿಯುವುದು, ಮಂಡಿಯ ಮೇಲೆ ಫ್ರಿಜ್ಜಿನ ಬಟಾಣಿ ಚೀಲ ಇಟ್ಟುಕೊಳ್ಳುವುದು. ಒಂದು ದಿನ ಟೇಪು ತರಿಸಿ ಎರಡೂ ತೊಡೆಗಳ ಸುತ್ತಳತೆ ತೆಗೆಸಿದಳು. ಎಡಗಡೆಯದು ಎರಡು ಬೆರಳು ಕಡಿಮೆಯಿತ್ತು.

"ಇದು ಬೇರೆ ಯಾರದೋ ಕಾಲು ಕಣೋ. ತಪ್ಪು ವಿಳಾಸಕ್ಕೆ ಬಂದಿದೆ," ಎಂದು ನಕ್ಕಳು. ಆದರೆ ಟೇಪನ್ನು ತುಂಬಾ ಹೊತ್ತು ಕೈಯಿಂದ ಕೆಳಗಿಡಲಿಲ್ಲ.

ಫಿಸಿಯೋಥೆರಪಿಯ ಇಬ್ತಿಸಾಮ್ ಚಿಕ್ಕ ವಯಸ್ಸಿನ, ಗಟ್ಟಿ ಗಂಟಲಿನ ಹೆಂಗಸು. ಮತ್ತೆ ಓಡಬಹುದು ಎಂದಳು, ಆದರೆ ಅವಳು ಹೇಳಿದಷ್ಟೇ. ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಒಟ್ಟು ಒಂದೂವರೆ ಕಿಲೋಮೀಟರು. ಮಾರನೇ ಬೆಳಿಗ್ಗೆ ಮಂಡಿ ಊದಿರದಿದ್ದರೆ ಮಾತ್ರ ಮುಂದಿನ ವಾರ. ಓಡಿದ ದೂರ ತೋರಿಸುವ ಅಕ್ಕನ ಕೈಗಡಿಯಾರವನ್ನು ಬಿಚ್ಚಿಸಿ ನನ್ನ ಕೈಗೆ ಕೊಟ್ಟಳು. "ಇದು ಕೈಲಿದ್ರೆ ಇವರಿಗೆ ಕಿವಿ ಕೇಳಲ್ಲ. ನೀವಿಟ್ಕೊಳ್ಳಿ." ಅದು ನನ್ನ ಬಣ್ಣದ ಪೆಟ್ಟಿಗೆ ಸೇರಿತು. ಅಕ್ಕನ ಫೋನು ಗುಂಡಿ ಒತ್ತುವ ಹಳೇ ಕಾಲದ್ದು, ಮಾತಾಡಲು ಬಿಟ್ಟರೆ ಬೇರೇನಕ್ಕೂ ಬರುವುದಿಲ್ಲ.

ಆದರೆ ಗೋಡೆಯ ಮೇಲೆ ನನ್ನ ಅಂಕಿಗಳಿದ್ದವಲ್ಲ. ಒಂದೂವರೆಗೆ ಅಂಕಿಯಿಲ್ಲ. ಅಕ್ಕ ಎರಡರವರೆಗೂ ಹೋದಳು. ಮಾರನೇ ದಿನ ಮಂಡಿ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಉಬ್ಬಿತ್ತು. ಮೂರು ವಾರ ವಿಶ್ರಾಂತಿ. ಮತ್ತೆ ಶುರು. ಈ ಸಲ ಎರಡೂವರೆಗೆ ಅನುಮತಿ ಇತ್ತು, ಮೂರರವರೆಗೆ ಹೋದಳು. ನಾನು ಪಕ್ಕದಲ್ಲೇ ಸೈಕಲ್ ತುಳಿಯುತ್ತಾ "ಅಕ್ಕಾ, ಸಾಕು" ಎಂದು ಬೇಡಿಕೊಂಡೆ.

"ಅಲ್ ಕಾಣ್ತಿದೆಯಲ್ಲೋ ಮೂರು. ಅಲ್ಲೀಗಂಟ ಅಷ್ಟೇ."

"ಇಬ್ತಿಸಾಮ್ ಏನ್ ಹೇಳಿದ್ಳು?"

"ಇಬ್ತಿಸಾಮ್ ಟಪಾಲು ಹಂಚಿದಾಳಾ? ಹಿಡಿದ ಬೀದೀನ ಅರ್ಧಕ್ಕೆ ಬಿಟ್ಟು ಬರೋದು ನಂಗೆ ಗೊತ್ತಿಲ್ಲ ಕಣೋ."

ಅದು ನಿಜ. ಮೂವತ್ತು ವರ್ಷದಲ್ಲಿ ಒಂದು ಬೀದಿಯನ್ನೂ ಅವಳು ಅರ್ಧಕ್ಕೆ ಬಿಟ್ಟವಳಲ್ಲ. ಈ ಸಲ ಸೂಜಿ ಹಾಕಿ ಮಂಡಿಯಿಂದ ನೀರು ತೆಗೆಯಬೇಕಾಯಿತು. ಒಂದು ಟೀ ಲೋಟದಷ್ಟು ಬಂತು. ಇಬ್ತಿಸಾಮ್ ಕೂಗಾಡಲಿಲ್ಲ. ಅಕ್ಕ ಬಟ್ಟೆ ಸರಿ ಮಾಡಿಕೊಳ್ಳುತ್ತಿರುವಾಗ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು. "ಎರಡು ತಿಂಗಳು ಪೂರ್ತಿ ವಿಶ್ರಾಂತಿ. ಆಮೇಲೆ ಇಡೀ ಬೇಸಿಗೆ ಮೂರೂವರೆ ಕಿಲೋಮೀಟರು, ಅದಕ್ಕಿಂತ ಒಂದು ಹೆಜ್ಜೆ ಜಾಸ್ತಿ ಬೇಡ. ಮೂರನೇ ಸಲ ಹೀಗಾದ್ರೆ ಓಟದ ಮಾತು ಮರೆತುಬಿಡಿ. ಅವರಿಗೆ ನೀವೇ ಹೇಳ್ತೀರೋ, ನಾನ್ ಹೇಳ್ಲೋ?"

ಅವಳೇ ಹೇಳಿದಳು. ಅಕ್ಕ ತಲೆಯಾಡಿಸಿದಳು. ಮನೆಗೆ ಬರುವ ದಾರಿಯಲ್ಲಿ, "ಮೂರೂವರೆ ಅಂದ್ರೆ ನಾಲ್ಕರ ಹತ್ರಾನೇ ಅಲ್ವಾ?" ಎಂದು ಕೇಳಿದಳು. ಆ ಮಾತು ಕೇಳಿದಂದಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಆ ವರ್ಷದ ಬೇಸಿಗೆಗೆ ಮುಂಚೆ ಎರಡು ಸಂಗತಿ ನಡೆದವು. ಪುರಸಭೆಯವರು ಪ್ರವಾಸಿಗಳು ಬರುವ ಕಾಲವೆಂದು ಬಡಗಣ ಗೋಡೆಗೆಲ್ಲ ಸುಣ್ಣ ಬಳಿದರು. ನನ್ನ ಅಂಕಿಗಳು ಮುಚ್ಚಿಹೋದವು. ಅದೇ ಹೊತ್ತಿಗೆ ಬಂದರಿನ ರಸ್ತೆಯನ್ನು ಪೈಪು ಹಾಕಲು ಅಗೆದರು. ಇನ್ನು ಮೇಲೆ ದೀಪಸ್ತಂಭದಿಂದಲೇ ಓಟ ಶುರು ಮಾಡೋಣ, ಲಸ್ಸಾದ್ ಹೊಸದಾಗಿ ಅಳೆದು ಅಂಕಿ ಬರೆಯಲಿ ಎಂದು ಎಲ್ಲರೂ ನಿರ್ಧರಿಸಿದರು. ಹೊಸ ಐದು ಎಲ್ಲಿ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಊರಾಚೆ ಆ ಗೋಡೆಯುದ್ದಕ್ಕೂ ಒಂದೇ ಥರದ ಬೆಂಚು, ಒಂದೇ ಥರದ ದೀಪದ ಕಂಬ. ಅದು ಅಕ್ಕನ ಟಪಾಲಿನ ಸೀಮೆಯೂ ಅಲ್ಲ.

ದೀಪಸ್ತಂಭದ ಸುತ್ತ ನಮ್ಮೂರಿನ ಗೋರಿಗಳಿವೆ. ಅಮ್ಮನದೂ ಅಲ್ಲೇ, ನೀರಿಗೆ ಹತ್ತಿರದ ಸಾಲಿನಲ್ಲಿ. ನಾನು ಅಂದು ಸಂಜೆ ಅವಳಿಗೆ ಬೆನ್ನು ಹಾಕಿ ನಿಂತು ಚಕ್ರ ತಿರುಗಿಸಲು ಶುರು ಮಾಡಿದೆ. ಮೂರೂವರೆ ಕಿಲೋಮೀಟರನ್ನು ಐದು ಪಾಲು ಮಾಡಿದರೆ ಪಾಲಿಗೆ ಏಳುನೂರು ಮೀಟರು, ಮುನ್ನೂರ ಮೂವತ್ಮೂರು ಸುತ್ತು. ಅಷ್ಟು ಎಣಿಸಿ ನಿಂತೆ. ಕುಂಚ ತೆಗೆದೆ.

"ಎಷ್ಟಾಯ್ತೋ ಲಸ್ಸಾದ್?"

ತೌಹಾಮಿ ಮೇಷ್ಟ್ರು. ಸಂಜೆಯ ವಾಕಿಂಗಿಗೆ ಬಂದವರು ಹಿಂದೆ ಕೈಕಟ್ಟಿ ನಿಂತಿದ್ದರು. ಅವರೆದುರು ನನಗೆ ಇವತ್ತಿಗೂ ಸುಳ್ಳು ಹೇಳಲಾಗುವುದಿಲ್ಲ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಬಣ್ಣ ಕಲಸಲು ಹೋದ ನನ್ನನ್ನು ಇಪ್ಪತ್ತನೇ ವಯಸ್ಸಿನಲ್ಲಿ ಸಂಜೆ ಶಾಲೆಗೆ ಸೇರಿಸಿದವಳು ಅಕ್ಕ. ಅರ್ಜಿ ತುಂಬಿ, ಮೊದಲ ದಿನ ಕೈ ಹಿಡಿದು ಕರೆದುಕೊಂಡು ಹೋಗಿ, ನಾನು ಓಡಿ ಹೋಗದಂತೆ ಬಾಗಿಲ ಹೊರಗೆ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದಳು. ಒಳಗೆ ಕಪ್ಪು ಹಲಗೆಯ ಮುಂದೆ ನಿಂತಿದ್ದವರು ಇವರೇ.

"ಮುನ್ನೂರ ಮೂವತ್ಮೂರು ಸಾರ್."

"ಮತ್ತೆ ಕುಂಚ ಯಾಕೆ ತೆಗೆದೆ? ಇನ್ನೂ ನೂರಾ ನಲವತ್ಮೂರು ಸುತ್ತು ಇದೆಯಲ್ಲ?"

ಎಲ್ಲವನ್ನೂ ಹೇಳಿದೆ. ಮಂಡಿ, ಸೂಜಿ, ಟೀ ಲೋಟ, ಮೂರೂವರೆ ಎಂದರೆ ನಾಲ್ಕರ ಹತ್ತಿರ ಎಂದ ಮಾತು. ಅವರು ಸಮುದ್ರ ನೋಡುತ್ತಾ ಕೇಳಿಸಿಕೊಂಡರು.

"ಒಂದು ಕಿಲೋಮೀಟರಿಗೆ ಸಾವಿರ ಮೀಟರು. ಪ್ಯಾರಿಸ್ಸಲ್ಲೂ ಅಷ್ಟೇ, ಮಹ್ದಿಯಾದಲ್ಲೂ ಅಷ್ಟೇ. ಆರು ವರ್ಷ ನಿಂಗೆ ನಾನು ಕಲ್ಸಿದ್ದು ಇದೇನೇನೋ?"

"ಅಲ್ಲ ಸಾರ್."

"ಕಮೆಲ್ ಕೈಲಿ ಗಡಿಯಾರ ಇದೆ. ನನ್ ಕೈಲೂ ಇದೆ. ನಮಗೆಲ್ಲ ಗೊತ್ತಾಗಲ್ವಾ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ಉಳಿದವರಿಗೆ ನಾನ್ ಹೇಳ್ತೀನಿ," ಎಂದರು ಕೊನೆಗೆ. "ನೀನು ಆ ಒಂದನ್ನ ಸ್ವಲ್ಪ ದಪ್ಪಗೆ ಬರಿ. ಸುಳ್ಳಾದ್ರೂ ಮುದುಕರ ಕಣ್ಣಿಗೆ ಕಾಣ್ಲಿ."

ಜೂನ್ ಕೊನೆಯ ಭಾನುವಾರ ಅಕ್ಕ ಮತ್ತೆ ಓಡಿದಳು. ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಮೊದಲ ನಿಮಿಷ ಅವಳ ಪಾದ ನೆಲದ ಮೇಲೆ ಬೀಳುತ್ತಿದ್ದ ರೀತಿ ನನಗೆ ನೆನಪಿದೆ, ನೆಲವನ್ನೇ ಅನುಮತಿ ಕೇಳುವ ಹಾಗೆ. ಒಂದನ್ನು ಮುಟ್ಟಿ ನಿಂತಳು. "ಒಂದು ಇಷ್ಟು ಬೇಗ ಬಂತಾ?" ಎಂದಳು.

"ಗಾಳಿ ಹಿಂದಿನಿಂದ ಇದೆಯಲ್ಲ ಮನ್ನೂಬಿಯಾ," ಎಂದರು ಮೇಷ್ಟ್ರು. ಗಾಳಿ ಅವತ್ತು ಎದುರಿನಿಂದ ಬೀಸುತ್ತಿತ್ತು. ಗಣಿತ ಬಿಟ್ಟರೆ ಬೇರೆ ಯಾವುದರಲ್ಲೂ ಅವರಿಗೆ ಸುಳ್ಳು ಹೇಳಲು ಕಷ್ಟವಿಲ್ಲ ಎಂದು ಅವತ್ತು ತಿಳಿಯಿತು.

ಜುಲೈಯಲ್ಲಿ ಎರಡು, ಆಮೇಲೆ ಮೂರು. ಪ್ರತಿ ಸೋಮವಾರ ಬೆಳಿಗ್ಗೆ ನಾನು ಮೆಟ್ಟಿಲ ಕೆಳಗೆ ನಿಂತು "ಹೇಗಿದೆ?" ಎಂದು ಕೇಳುತ್ತಿದ್ದೆ. ಅವಳು ಮೇಲಿನಿಂದ ಲಂಗ ಸ್ವಲ್ಪ ಎತ್ತಿ ಮಂಡಿ ತೋರಿಸುತ್ತಿದ್ದಳು. ಊತವಿಲ್ಲ. ಮಂಡಿಯ ಎರಡು ಪಕ್ಕದ ಗುಳಿಗಳು ಮತ್ತೆ ಕಾಣಲು ಶುರುವಾಗಿದ್ದವು. ನಡಿಗೆ ಕಡಿಮೆಯಾಗಿ ಓಟ ಹೆಚ್ಚಿತು. ಕಮೆಲ್ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ, "ಈ ಗೋಡೆ ಹೀಗೇ ಇರ್ಲಿ ಮಾರಾಯ. ಐದನ್ನ ನಾನು ಹತ್ತೊಂಬತ್ತು ನಿಮಿಷದಲ್ಲಿ ಓಡ್ದೆ ಅಂತ ಹೆಂಡ್ತಿಗೆ ಹೇಳಿಬಿಟ್ಟಿದೀನಿ."

ಆಗಸ್ಟಿನ ಮೊದಲ ಭಾನುವಾರ ಅಕ್ಕ ಐದಕ್ಕೆ ಬಂದಳು. ಎಲ್ಲರಿಗಿಂತ ಕೊನೆಗೆ. ಎಲ್ಲರೂ ಗೋಡೆಯ ಪಕ್ಕ ಸಾಲಾಗಿ ನಿಂತಿದ್ದರು. ಅವಳು ಎರಡೂ ಅಂಗೈಗಳನ್ನು ಅಂಕಿಯ ಮೇಲಿಟ್ಟು, ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತಳು. ಬೆನ್ನು ಅಲುಗುತ್ತಿತ್ತು. ಉಸಿರಾಟಕ್ಕೆ ಎಂದುಕೊಂಡೆ. ತಿರುಗಿದಾಗ ಹಣೆಯ ಮೇಲೆ ಸುಣ್ಣ, ಕೆನ್ನೆಯ ಮೇಲೆ ನೀರು.

"ಐದು ಕಣೋ ಲಸ್ಸಾದ್. ಐದು!"

"ಹೌದಕ್ಕ."

"ಎಲ್ಲರಿಗೂ ಬಂಬಲೂನಿ. ತಲೆಗೆರಡು. ಮೇಷ್ಟ್ರಿಗೆ ಸಕ್ಕರೆ ಕಮ್ಮಿ."

ನನ್ನ ಪಾಲಿನ ಎರಡನ್ನೂ ಕಮೆಲ್‌ಗೆ ಕೊಟ್ಟುಬಿಟ್ಟೆ. ಸೋಮವಾರ ಅವಳು ಅಂಚೆ ಕಚೇರಿಗೆ ಬಿಸ್ಕತ್ತಿನ ದೊಡ್ಡ ಪೊಟ್ಟಣ ಒಯ್ದಳೆಂದು ಆಮೇಲೆ ತಿಳಿಯಿತು. ಹೋಗಿ ಹೇಳಿಬಿಡಬೇಕು ಎಂದು ಮೂರು ಸಲ ಮೆಟ್ಟಿಲು ಹತ್ತಿದೆ. ಮೂರು ಸಲವೂ ಅರ್ಧಕ್ಕೆ ಇಳಿದೆ. ಹೇಳಿದರೆ ಅವಳು ಮಾರನೇ ದಿನವೇ ನಿಜವಾದ ಐದನ್ನು ಹುಡುಕಿಕೊಂಡು ಹೋಗುತ್ತಾಳೆ, ಮಂಡಿ ಹೋಗುತ್ತದೆ. ಹೇಳದಿದ್ದರೆ ಅವಳ ಸಂತೋಷವೇ ನನ್ನ ಕುಂಚದ ಸುಳ್ಳು. ಯಾವುದು ಸರಿ ಎಂದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ.

ನಾನು ನಿರ್ಧರಿಸುವ ಮುಂಚೆ ಬೇರೆಯವರು ಹೇಳಿಬಿಟ್ಟರು. ಎರಡು ವಾರದ ಮೇಲೆ ಕಮೆಲ್‌ನ ನೆಂಟ, ಸ್ಫಾಕ್ಸ್ ಪಟ್ಟಣದ ಇಂಜಿನಿಯರ್ ಒಬ್ಬ ರಜೆಗೆ ಬಂದಿದ್ದವನು ನಮ್ಮ ಜೊತೆ ಓಡಿದ. ಅವನಿಗೆ ಹೇಳಿಡುವುದನ್ನು ಕಮೆಲ್ ಮರೆತಿದ್ದ. ಐದನ್ನು ಮುಟ್ಟಿ ಆತ ಗಡಿಯಾರ ನೋಡಿದ, ಗೋಡೆ ನೋಡಿದ, ಜೋರಾಗಿ ನಕ್ಕ.

"ಏನ್ರೀ ಇದು, ಮಹ್ದಿಯಾದ ಕಿಲೋಮೀಟರಾ? ಮೂರು ಮುಕ್ಕಾಲೂ ಆಗಿಲ್ಲ. ಮೂರೂವರೆ!"

ಅಕ್ಕ ಆಗಷ್ಟೇ ಬಂದು ಅಂಗೈ ಇಟ್ಟಿದ್ದಳು. ಕೈ ತೆಗೆಯಲಿಲ್ಲ.

"ಎಷ್ಟಂದ್ರಿ?"

"ಮೂರು ಪಾಯಿಂಟ್ ನಾಲ್ಕು ಒಂಬತ್ತು, ಅಮ್ಮ. ನೋಡಿ ಬೇಕಾದ್ರೆ."

ಅವಳು ನೋಡಲಿಲ್ಲ. ಮೇಷ್ಟ್ರ ಕಡೆ ತಿರುಗಿದಳು. ಅವರು ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು. ಕಮೆಲ್ ಸಮುದ್ರ ನೋಡುತ್ತಿದ್ದ. ಒಬ್ಬೊಬ್ಬರನ್ನೇ ದಾಟಿ ಅವಳ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಚಕ್ರ ಕೆಟ್ಟಿತ್ತೇನೋ?" ಎಂದು ಕೇಳಿದಳು.

ಮೆತ್ತಗಿನ ದನಿಯಲ್ಲಿ ಕೇಳಿದಳು. ಹೌದಕ್ಕ, ಕೆಟ್ಟಿತ್ತು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ನನಗೋಸ್ಕರ ಅವಳೇ ಆ ಬಾಗಿಲು ತೆರೆದು ಹಿಡಿದಿದ್ದಳು.

"ಇಲ್ಲಕ್ಕ," ಎಂದೆ. "ಚಕ್ರ ಸರಿಯಿತ್ತು."

ಅವಳು ಗೋಡೆಯಿಂದ ಕೈ ತೆಗೆದಳು. ಕುತ್ತಿಗೆಯ ಟವೆಲಿನಲ್ಲಿ ಅಂಗೈ ಒರೆಸಿಕೊಂಡಳು. ತಿಂಡಿ ಏನೆಂದು ಹೇಳದೆ ಊರಿನ ಕಡೆ ನಡೆದುಬಿಟ್ಟಳು. ಅವತ್ತು ಯಾರೂ ತಿನ್ನಲಿಲ್ಲ. ಬಂಬಲೂನಿ ಗಾಡಿಯವನು ಒಲೆ ಆರಿಸಿ ನಮ್ಮನ್ನೇ ನೋಡುತ್ತಾ ಕೂತ.

ನಾಲ್ಕು ದಿನ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಸೋಮವಾರ ಮೆಟ್ಟಿಲ ಕೆಳಗೆ ನಿಂತು ಎಂದಿನಂತೆ "ಹೇಗಿದೆ?" ಎಂದು ಕೇಳಿದೆ. ಮೇಲಿನ ಬಾಗಿಲು ಮುಚ್ಚಿಕೊಂಡಿತು. ಊದಿದೆಯೋ ಇಲ್ಲವೋ ತಿಳಿಯದೆ ದಿನವೆಲ್ಲ ಒದ್ದಾಡಿದೆ. ಅಂಚೆ ಕಚೇರಿಯ ಎದುರಿನ ಅಂಗಡಿಯಲ್ಲಿ ಸುಮ್ಮನೆ ನಿಂತು, ಅವಳು ಕೆಲಸ ಮುಗಿಸಿ ಮೆಟ್ಟಿಲಿಳಿಯುವುದನ್ನು ನೋಡಿದೆ. ಕುಂಟುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ನಾನು ಒಂದು ದೋಣಿಯ ಮೂತಿಗೆ ಬಿಳಿ ಹಚ್ಚುತ್ತಿದ್ದೆ. ಕೌಂಟರು ಬಿಟ್ಟು, ಟಪಾಲು ಹಂಚುವ ಹಳೇ ಸಮವಸ್ತ್ರ ಹಾಕಿಕೊಂಡು, ಕಂಕುಳಲ್ಲಿ ಸಹಿ ಪುಸ್ತಕ ಇಟ್ಟುಕೊಂಡು ಅಕ್ಕ ಬಂದು ನಿಂತಳು.

"ಲಸ್ಸಾದ್ ಅನ್ನೋರು ನೀವೇನಾ?"

"ಅಕ್ಕಾ..."

"ರಿಜಿಸ್ಟರ್ ಟಪಾಲಿದೆ. ಗುರುತಿನ ಚೀಟಿ ತೋರಿಸಿ."

ಅವಳು ನನ್ನನ್ನು ನೀವು ಎಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಪಕ್ಕದ ದೋಣಿಯವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬಣ್ಣದ ಕೈಯಲ್ಲೇ ಚೀಟಿ ತೆಗೆದು ತೋರಿಸಿದೆ. ಅವಳು ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಫೋಟೋದಲ್ಲಿ ಇರೋರು ಪ್ರಾಮಾಣಿಕರ ಹಾಗೆ ಕಾಣ್ತಾರೆ. ಸಹಿ ಹಾಕಿ ಇಲ್ಲಿ."

ಸಹಿ ಹಾಕಿದೆ. ಲಕೋಟೆ ಕೊಟ್ಟು ಹೊರಟುಹೋದಳು. ಒಳಗೆ ಅವಳದೇ ದುಂಡನೆಯ ಅಕ್ಷರ. ಭಾನುವಾರ ಬೆಳಿಗ್ಗೆ ಐದೂವರೆಗೆ ದೀಪಸ್ತಂಭದ ಹತ್ತಿರ ಬರುವುದು. ಚಕ್ರ ತರುವುದು. ಬಣ್ಣ ಮತ್ತು ಸುಣ್ಣ ಕೂಡ. ಕೆಳಗೆ ಸ್ವಲ್ಪ ಜಾಗ ಬಿಟ್ಟು ಬರೆದಿದ್ದಳು: ಮಂಡಿ ಊದಿಲ್ಲ.

ಆ ಕೊನೆಯ ಎರಡು ಪದಗಳನ್ನು ನಾನು ಎಷ್ಟು ಸಲ ಓದಿದೆನೋ ಎಣಿಸಿಲ್ಲ.

ಭಾನುವಾರ ಅವಳು ನನಗಿಂತ ಮುಂಚೆಯೇ ಬಂದು ಅಮ್ಮನ ಗೋರಿಯ ಹತ್ತಿರ ನಿಂತಿದ್ದಳು. ಸೈಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಾನ್ ತಳ್ತೀನಿ, ನಾನೇ ಎಣಿಸ್ತೀನಿ. ನೀನು ಬರಿ." ನೀನು ಎಂದದ್ದು ಕೇಳಿ ನನಗೆ ಅರ್ಧ ಜೀವ ಬಂತು.

ಉಳಿದವರನ್ನು ಅವತ್ತು ಬರಬೇಡಿ ಎಂದಿದ್ದಳಂತೆ. ನಾವಿಬ್ಬರೇ ನಡೆದೆವು. ಸುಳ್ಳಿನ ಒಂದು ಬಂದಾಗ ನಾನು ಅದಕ್ಕೆ ಸುಣ್ಣ ಬಳಿದೆ. ನಾನೂರ ಎಪ್ಪತ್ತಾರು ಟಕ್ಕಿಗೆ ಅವಳು ನಿಂತಳು, ನಾನು ನಿಜವಾದ ಒಂದನ್ನು ಬರೆದೆ. ಅವಳು ಎಣಿಸುತ್ತಾ ಹೋದಳು, ನಾನು ಸುಳ್ಳಿನ ಎರಡನ್ನು ಮುಚ್ಚಿ ನಿಜವಾದದ್ದನ್ನು ಬರೆದೆ. ಕುಂಚ ಒರೆಸಿಕೊಳ್ಳುತ್ತಿದ್ದಾಗ ಅವಳೇ ಮಾತು ಶುರು ಮಾಡಿದಳು.

"ಅಂಚೆ ಕಚೇರೀಲಿ ಎಲ್ರಿಗೂ ಬಿಸ್ಕತ್ ಹಂಚಿದೆ ಕಣೋ."

"ಗೊತ್ತಕ್ಕ."

"ಮೇಲಿನೋರು ಬಂದು ಕೈ ಕುಲುಕಿದ್ರು. ಈಗ ಹೋಗಿ ವಾಪಸ್ ಕೊಡಿ ಅನ್ನೋಕಾಗುತ್ತಾ? ತಿಂದುಬಿಟ್ಟಿದಾರೆ."

ನಾನು ತಲೆ ತಗ್ಗಿಸಿದೆ. ನಗಬೇಕೋ ಬೇಡವೋ ತಿಳಿಯಲಿಲ್ಲ.

"ಊರಲ್ಲಿ ಯಾರ ಮಾತು ಸುಳ್ಳಾದ್ರೂ ಲಸ್ಸಾದ್ ಬರೆದ ನಂಬರು ಸುಳ್ಳಲ್ಲ ಅಂತಿದ್ದೆ ನಾನು. ಅಲ್ಲಿ ತಲೆ ಇಟ್ಟು ಅತ್ತೆನಲ್ಲೋ. ನೀನು ಪಕ್ಕದಲ್ಲೇ ನಿಂತಿದ್ದೆ."

"ತಪ್ಪಾಯ್ತಕ್ಕ."

"ಸುಮ್ನಿರು, ಇನ್ನೂ ಮುಗಿದಿಲ್ಲ." ಸ್ವಲ್ಪ ದೂರ ಸೈಕಲ್ ತಳ್ಳಿ ಮತ್ತೆ ನಿಂತಳು. "ನಾಲ್ಕು ದಿನ ಕೂತು ಯೋಚ್ನೆ ಮಾಡಿದೆ. ಅಲ್ಲಿ ನಿಜವಾದ ನಾಲ್ಕು ಇದ್ದಿದ್ರೆ ನಾನು ಮೂರೂವರೆಗೆ ನಿಲ್ತಿದ್ನಾ? ನಿಲ್ತಿರ್ಲಿಲ್ಲ. ನಿಂಗೆ ಅದು ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ. ಅದು ಹೊಳೆದ ಮೇಲೆ ನಿನ್ ಮೇಲೆ ಇನ್ನೂ ಸಿಟ್ಟು ಬಂತು."

ಸುಳ್ಳಿನ ಮೂರು, ನಾಲ್ಕನ್ನು ಮುಚ್ಚಿ ನಿಜವಾದ ಮೂರನ್ನು ಬರೆದೆವು. ಅಲ್ಲಿಂದ ಇನ್ನೂರ ಮೂವತ್ತೆಂಟು ಸುತ್ತು ಹೋದರೆ ಸುಳ್ಳಿನ ಐದು. ಒಂದೇ ಬೇಸಿಗೆಯಲ್ಲಿ ಅದರ ಹೊಟ್ಟೆ ಸವೆಯಲು ಶುರುವಾಗಿತ್ತು. ಸುಣ್ಣದ ಕುಂಚ ಹಿಡಿದು ಅವಳ ಮುಖ ನೋಡಿದೆ. ಬಳಿ ಎಂದು ತಲೆಯಾಡಿಸಿದಳು. ಎರಡು ಸಲ ಬಳಿದರೂ ನೀಲಿ ಪೂರ್ತಿ ಮುಚ್ಚಲಿಲ್ಲ, ಸುಣ್ಣದಡಿಯಲ್ಲಿ ತಿಳಿಯಾಗಿ ಉಳಿಯಿತು.

"ಇಲ್ಲಿ ಮೂರೂವರೆ ಅಂತ ಬರೀಲಾ?" ಎಂದು ಕೇಳಿದೆ.

"ಏನೂ ಬೇಡ. ಖಾಲಿ ಬಿಡು."

ನಾಲ್ಕು ಮತ್ತು ಐದನ್ನು ಬರೆದು ಮುಗಿಸುವ ಹೊತ್ತಿಗೆ ಬಿಸಿಲೇರಿತ್ತು. ನಿಜವಾದ ಐದರ ಎದುರು ಅವಳು ಸ್ವಲ್ಪ ಹೊತ್ತು ನಿಂತಳು. ಬಣ್ಣ ಹಸಿಯಾಗಿತ್ತು. ಮುಟ್ಟಲಿಲ್ಲ.

ಇಬ್ತಿಸಾಮ್ ಹೇಳಿದ ಅವಧಿ ಮುಗಿಯಲು ಇನ್ನೂ ನಾಲ್ಕು ವಾರವಿತ್ತು. ಮುಂದಿನ ಭಾನುವಾರ ಎಲ್ಲರೂ ದೀಪಸ್ತಂಭದ ಬಳಿ ಸೇರಿದಾಗ ಮೇಷ್ಟ್ರು ಅಕ್ಕನ ಎದುರು ನಿಂತು ಗಂಟಲು ಸರಿ ಮಾಡಿಕೊಂಡರು. "ಮನ್ನೂಬಿಯಾ, ಆ ಗಾಳಿ ವಿಷಯ..."

"ಗಾಳಿ ಹಿಂದಿನಿಂದಲೇ ಇತ್ತು ಮೇಷ್ಟ್ರೇ. ನಂಗೆ ಗೊತ್ತಿಲ್ವಾ? ನಡೀರಿ."

ಎಲ್ಲರೂ ಓಡಿದರು. ನಾನು ಸೈಕಲ್ಲಿನಲ್ಲಿ ಅವಳ ಹಿಂದೆ, ಮೂವತ್ತು ಹೆಜ್ಜೆ ದೂರದಲ್ಲಿ. ಹತ್ತಿರ ಹೋಗಿ ಏನಾದರೂ ಹೇಳಿದರೆ ಅದೇ ಹಠಕ್ಕೆ ಕಾರಣವಾದೀತು ಎಂದು ಹೆದರಿಕೆ. ಒಂದು ದಾಟಿತು, ಎರಡು ದಾಟಿತು. ಅವಳ ಕಾಲುಗಳು ಈಗ ನೆಲದ ಅನುಮತಿ ಕೇಳುತ್ತಿರಲಿಲ್ಲ, ಒಂದೇ ಸಮ ಬೀಳುತ್ತಿದ್ದವು. ಮೂರನ್ನು ಬೆರಳ ತುದಿಯಿಂದ ಸವರಿಕೊಂಡು ಹೋದಳು. ಅಲ್ಲಿಂದ ಗೋಡೆ ನೇರ. ದೂರದಲ್ಲಿ ಹೊಸ ನಾಲ್ಕು ನೀಲಿಯಾಗಿ ಕಾಣುತ್ತಿತ್ತು. ನಾನೇ ದಪ್ಪಗೆ ಬರೆದದ್ದು. ಅದನ್ನು ಅಷ್ಟು ದಪ್ಪಗೆ ಯಾಕೆ ಬರೆದೆನೋ ಎಂದು ನನ್ನನ್ನೇ ಬೈದುಕೊಂಡೆ. ಟಕ್ ಟಕ್ ಎಂದು ಚಕ್ರ ಎಣಿಸುತ್ತಿತ್ತು. ಇನ್ನೂರು. ಇನ್ನೂರ ಇಪ್ಪತ್ತು.

ಇನ್ನೂರ ಮೂವತ್ತೆಂಟಕ್ಕೆ ಅವಳ ಹೆಜ್ಜೆ ಸಣ್ಣದಾಯಿತು. ನಿಂತಳು. ಖಾಲಿ ಗೋಡೆಯ ಮೇಲೆ, ಸುಣ್ಣದಡಿ ನೀಲಿ ಕಾಣುವಲ್ಲಿ ಅಂಗೈ ಇಟ್ಟಳು.

ನಾನು ಸೈಕಲ್ ನಿಲ್ಲಿಸಿ ಇಳಿದೆ. ಹತ್ತಿರ ಹೋಗುವಷ್ಟರಲ್ಲಿ ಅವಳು ಎದುರಿನ ಬೆಂಚಿನ ಮೇಲೆ ಕೂತು, ಎಡ ಮಂಡಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು, ನಿದ್ದೆ ಹೋದ ಮಗುವಿನ ತಲೆಯನ್ನು ಹಿಡಿದ ಹಾಗೆ. ಕಣ್ಣು ಮಾತ್ರ ನಾಲ್ಕರ ಮೇಲೆಯೇ ಇತ್ತು.

"ಬೀದೀನ ಅರ್ಧಕ್ಕೆ ಬಿಟ್ಟೆಯಲ್ಲಕ್ಕ," ಎಂದೆ.

"ನಾಳೆ ಟಪಾಲಿಗೆ ಏನಾದ್ರೂ ಇರ್ಬೇಕಲ್ಲೋ." ಮೂಗು ಒರೆಸಿಕೊಂಡು ಎದ್ದಳು. "ನೀರು ಕೊಡು. ನಡ್ಕೊಂಡು ಹೋಗೋಣ. ನಡೆಯೋದಕ್ಕೆ ಆ ಹುಡುಗಿ ಬೇಡ ಅಂದಿಲ್ಲ."

"ಇನ್ನೂ ಒಂದೂವರೆ ಕಿಲೋಮೀಟರಿದೆ. ಅವರೆಲ್ಲ ಹಸ್ಕೊಂಡು ಕಾಯ್ತಿರ್ತಾರೆ."

"ಕಾಯ್ಲಿ. ನಂಗೆ ಸುಳ್ಳು ಹೇಳಿದೋರು ತಾನೇ! ತಿಂಡಿ ಹೇಳೋಳು ನಾನು."

ನಡೆದೆವು. ಬಲಗಡೆ ಸಮುದ್ರ, ಎಡಗಡೆ ಬೆಂಚುಗಳು. ನಾನು ಸೈಕಲ್ ತಳ್ಳುತ್ತಿದ್ದೆ, ತಗಡು ಟಕ್ ಟಕ್ ಎನ್ನುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ನನ್ನ ತುಟಿಗಳ ಕಡೆ ನೋಡಿದಳು.

"ಎಣಿಸ್ತಿದೀಯಾ?"

"ಅಭ್ಯಾಸ ಅಕ್ಕ."

"ಎಣಿಸ್ಬೇಡ."

ನಾನು ನಿಂತು, ಬಗ್ಗಿ, ಕಡ್ಡಿಯಿಂದ ತಗಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅವಳು ಮುಂದೆ ಹೋಗದೆ ಅಲ್ಲೇ ಕಾಯುತ್ತಿದ್ದಳು.